ಪೆಟ್ಟಿಗೆ ಮೇಸ್ತ್ರಿಯ ಬಿಳಿ ಹಜಾರ

ಪೆಟ್ಟಿಗೆ ಮೇಸ್ತ್ರಿ ಇಪ್ಪತ್ತೆಂಟು ವರ್ಷ ಮಾಡಿದ್ದನ್ನೆಲ್ಲ ಜನ ಒಡೆದು ಹಾಕಿದ್ದಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಅವನ ಕಸುಬೇ ಅಂಥದ್ದು. ನೀರೆತ್ತುವ ಪಂಪು ತಯಾರಿಸುವ ಕಾರ್ಖಾನೆಯ ಪ್ಯಾಕಿಂಗ್ ಶೆಡ್ಡಿನಲ್ಲಿ ಅವನು ಮರದ ಪೆಟ್ಟಿಗೆ ಬಡಿಯುತ್ತಾನೆ. ಒಳಗೆ ಪಂಪು ಕೂರುತ್ತದೆ, ಅದು ಅಲುಗದ ಹಾಗೆ ಅಡ್ಡಪಟ್ಟಿ ಬೀಳುತ್ತದೆ, ಮುಚ್ಚಳಕ್ಕೆ ಮೊಳೆ ಬೀಳುತ್ತದೆ. ಆಮೇಲೆ ಅಚ್ಚಿನ ತಗಡು ಇಟ್ಟು ಕಪ್ಪು ಬಣ್ಣದಲ್ಲಿ ಗುರುತು ಹಾಕುತ್ತಾನೆ. ಗಾಜಿನ ಲೋಟದ ಚಿತ್ರವಿದ್ದರೆ ‘ನಾಜೂಕು, ಜೋಪಾನ’ ಎಂದರ್ಥ. ಮೇಲ್ಮುಖದ ಬಾಣವಿದ್ದರೆ ‘ಈ ಕಡೆ ಮೇಲೆ, ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿ’ ಎಂದರ್ಥ. ಇಷ್ಟೆಲ್ಲ ಮುತುವರ್ಜಿಯಿಂದ ಮಾಡಿದ ಪೆಟ್ಟಿಗೆಯನ್ನು ಆ ಕಡೆ ಸಾಮಾನು ತರಿಸಿಕೊಂಡವನು ಹಾರೆ ಹಾಕಿ ಎರಡು ನಿಮಿಷದಲ್ಲಿ ಚಿಂದಿ ಮಾಡುತ್ತಾನೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಇಂಥವನ ಮನೆಗೆ ಒಂದು ದಿನ ಹಿಮದ ದೇಶದ ಶೈಲಿ ಕಾಲಿಟ್ಟಿತು. ತಂದವಳು ಹೆಂಡತಿ. ಅವಳು ಹಲ್ಲಿನ ಡಾಕ್ಟರ ಹತ್ತಿರ ಹೊರಗಿನ ಮೇಜಿನಲ್ಲಿ ಕೂತು ಚೀಟಿ ಬರೆಯುತ್ತಾಳೆ. ಕೆನ್ನೆ ಊದಿಸಿಕೊಂಡು ಕಾಯುವವರಿಗೆಂದು ಇಟ್ಟ ಪತ್ರಿಕೆಗಳನ್ನು ನಿಜವಾಗಿ ಓದುವವಳು ಅವಳೊಬ್ಬಳೇ. ಅದರಲ್ಲೊಂದು ಮನೆಯ ಚಿತ್ರ ಬಂದಿತ್ತು. ಬಿಳಿ ಗೋಡೆ, ತಿಳಿ ಬಣ್ಣದ ಮರದ ಬೆಂಚು, ಒಂದು ಕಂಬಳಿ, ಒಂದು ಗಿಡ, ಮಿಕ್ಕದ್ದೆಲ್ಲ ಖಾಲಿ. ಕೆಳಗೆ ‘ಸ್ಕ್ಯಾಂಡಿನೇವಿಯನ್ ಶೈಲಿ, ಕಡಿಮೆ ಖರ್ಚಿನಲ್ಲಿ’ ಎಂದು ಬರೆದಿತ್ತು.

"ಖಾಲಿ ಇರೋದಕ್ಕೂ ಖರ್ಚಾಗುತ್ತಾ?" ಎಂದ ಮೇಸ್ತ್ರಿ.

"ನಿಮಗೆ ತಮಾಷೆ. ಭಾನುವಾರದಿಂದಾಚೆ ಭಾನುವಾರ ಅಕ್ಕ ಬರ್ತಾಳೆ ರೀ. ಈ ಕೊಂಪೇನ ಹೇಗೆ ತೋರಿಸ್ಲಿ?"

ಅಕ್ಕನ ಹೆಸರೆತ್ತಿದರೆ ಆ ಮನೆಯಲ್ಲಿ ಮೂವರೂ ಸ್ವಲ್ಪ ನೆಟ್ಟಗೆ ಕೂರುತ್ತಿದ್ದರು. ಮೂರನೆಯವರು ಅತ್ತೆ, ಅಂದರೆ ಹೆಂಡತಿಯ ತಾಯಿ. ಎಪ್ಪತ್ತಾರು ವರ್ಷ. ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು, ಬೋರ್ಡಿನ ಕಡೆ ನೋಡದೆಯೇ ನೂರಾರು ತೂತುಗಳಲ್ಲಿ ಸರಿಯಾದದ್ದಕ್ಕೇ ಪ್ಲಗ್ ಚುಚ್ಚುತ್ತಿದ್ದವರು. ಈಗ ಕಣ್ಣು ಮಂದ, ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ತಿಳಿಯದು. ಆದರೂ ಬೆಳಗ್ಗೆ ಆರಕ್ಕೆ ತಮ್ಮ ಕೋಣೆಯಿಂದ ಹೊರಟು, ಹಜಾರ ದಾಟಿ, ಬಾಗಿಲು ತೆಗೆದು ಹಾಲಿನ ಪ್ಯಾಕೆಟ್ಟೂ ಪೇಪರೂ ಒಳಗೆ ತರುವವರು ಅವರೇ. ಕೈ ಹಿಡಿಯಲು ಹೋದರೆ ಕೈಗೆ ಏಟು ಬೀಳುತ್ತಿತ್ತು.

ಅಕ್ಕನಿಗೆ ಇದೇ ಚಿಂತೆ. ಕೆಟ್ಟವಳಲ್ಲ, ಪ್ರೀತಿ ಜಾಸ್ತಿ. ದೊಡ್ಡ ಊರಿನಲ್ಲಿ ಒಂಬತ್ತನೇ ಮಹಡಿಯ ಮನೆ, ನೋಡಿಕೊಳ್ಳಲು ಇಡೀ ದಿನದ ನರ್ಸನ್ನು ಇಡುತ್ತೇನೆಂಬ ಹಟ. "ಅಮ್ಮನ್ನ ಕೈ ಹಿಡಿದು ನಡೆಸೋ ದಿನ ಬಂದ್ರೆ ಮಾತ್ರ ನಾನು ಯಾರ ಮಾತೂ ಕೇಳಲ್ಲ, ಕರ್ಕೊಂಡು ಹೋಗ್ತೀನಿ. ನೀವಿಬ್ರೂ ಕೆಲಸಕ್ಕೆ ಹೋಗೋರು" ಎಂದು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು. ಅತ್ತೆ ಅದನ್ನು ಕೇಳಿಸಿಕೊಂಡು, "ಅಲ್ಲಿ ನನ್ನನ್ನ ಪಾರ್ಸೆಲ್ ಥರ ಒಂದು ಕಡೆ ಇಡ್ತಾಳೆ ಅಷ್ಟೆ" ಎಂದು ಗೊಣಗಿದ್ದರು.

ಸರಿ, ಹಜಾರದ ಕೆಲಸ ಶುರುವಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ, ಹೊಸದೇನೂ ಕೊಳ್ಳುವ ಹಾಗಿರಲಿಲ್ಲ. ಆದರೆ ಕಾರ್ಖಾನೆಯ ಶೆಡ್ಡಿನ ಹಿಂದೆ ಹೊರದೇಶದಿಂದ ಬಿಡಿಭಾಗ ಬಂದ ಪೆಟ್ಟಿಗೆಗಳ ಹಲಗೆ ರಾಶಿ ಬಿದ್ದಿತ್ತು. ಅಪ್ಪಟ ಪೈನ್ ಮರ, ಚಿತ್ರದಲ್ಲಿದ್ದ ಅದೇ ಬೆಣ್ಣೆ ಬಣ್ಣ! ಸಾಹೇಬರು ಗೇಟ್ ಪಾಸ್ ಬರೆದುಕೊಟ್ಟರು. ಮೇಸ್ತ್ರಿ ಹೊತ್ತು ತಂದ, ಕೀಸಿದ, ಉಜ್ಜಿದ. ಬೆಂಚು ಎದ್ದಿತು, ಗಿಡಕ್ಕೊಂದು ಮಣೆಯೂ ಆಯಿತು. ಅವನು ಹೆಮ್ಮೆಯಿಂದ ಹೆಂಡತಿಯನ್ನು ಕರೆದು ತೋರಿಸಿದರೆ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬೆಂಚಿನ ಪಕ್ಕದಲ್ಲಿ ಎರಡು ಕಪ್ಪು ಬಾಣ ಠೀವಿಯಿಂದ ಮೇಲಕ್ಕೆ ನೋಡುತ್ತಿದ್ದವು.

"ಬೆಂಚಿಗೆ ಮೇಲು ಯಾವುದು, ಕೆಳಗು ಯಾವುದು ಅಂತ ಬಂದೋರಿಗೆ ಗೊತ್ತಾಗಲ್ವಾ?"

"ಕೈ ತಾನಾಗೇ ಹಾಕ್ಬಿಡ್ತು ಕಣೇ. ಮುಗೀತು ಅಂದ್ರೆ ಗುರುತು ಹಾಕೋದು ಅಭ್ಯಾಸ."

ಮತ್ತೆ ಉಜ್ಜಿದ್ದಾಯಿತು. ಅದೂ ಸಾಲದೆಂಬಂತೆ, ಹೆಂಡತಿ ಕೂತ ಮೊದಲ ಸಲವೇ ಬೆಂಚಿನ ಮೇಲ್ಹಲಗೆ ಕಿರ್ರೆಂದು ಎದ್ದು ಬಂತು. ಪೆಟ್ಟಿಗೆಯ ಮುಚ್ಚಳಕ್ಕೆ ಹೊಡೆಯುವ ಹಾಗೆ, ಸುಲಭವಾಗಿ ಕೀಳಲು ಬರಲೆಂದು ಮೊಳೆಯನ್ನು ಮೇಲೆ ಮೇಲೇ ಹೊಡೆದಿದ್ದ. ಉಳಿಯುವ ವಸ್ತು ಮಾಡಿ ಅವನಿಗೆ ರೂಢಿಯಿಲ್ಲ, ಏನು ಮಾಡುವುದು.

ಶನಿವಾರದ ಹೊತ್ತಿಗೆ ಕೊಂಪೆ ಖಾಲಿಯಾಯಿತು. ಗೋಡೆಯುದ್ದಕ್ಕೂ ನಿಂತಿದ್ದ ಶೋಕೇಸು, ಹೊಲಿಗೆ ಯಂತ್ರ, ಟೀವಿ ಸ್ಟ್ಯಾಂಡು, ಕಬ್ಬಿಣದ ಕಪಾಟು ಎಲ್ಲವೂ ಹಿತ್ತಲ ಶೆಡ್ಡಿಗೆ ಹೋದವು. ಗೋಡೆ ಬಿಳಿ, ಬಾಗಿಲು ಬಿಳಿ, ಬಾಗಿಲ ಚೌಕಟ್ಟೂ ಬಿಳಿ. ಅತ್ತೆಯನ್ನೂ ಕೇಳಿಯೇ ಮಾಡಿದ್ದು. "ನನಗೇನು ಕಾಣುತ್ತೆ, ಧಾರಾಳವಾಗಿ ಮಾಡಿ" ಎಂದು ಅವರೇ ನಗುತ್ತ ಒಪ್ಪಿದ್ದರು. ಹೆಂಡತಿ ಹಜಾರದ ನಡುವೆ ನಿಂತು ಸುತ್ತ ಒಂದು ಸಲ ತಿರುಗಿದಳು. ಮದುವೆಯಾದ ಮೇಲೆ ಅವಳ ಮುಖದಲ್ಲಿ ಅಂಥ ಕಳೆಯನ್ನು ಮೇಸ್ತ್ರಿ ಎರಡೋ ಮೂರೋ ಸಲ ನೋಡಿದ್ದ, ಅಷ್ಟೆ. ಅವನಿಗೂ ಖುಷಿಯಾಯಿತು.

ಸೋಮವಾರ ಅತ್ತೆಗೆ ಮಂಡಿನೋವು. ಮಂಗಳವಾರವೂ ಮಂಡಿನೋವು. ಊಟ ತಿಂಡಿಯೆಲ್ಲ ಕೋಣೆಗೇ ಹೋಯಿತು. ಹಾಲಿನ ಪ್ಯಾಕೆಟ್ಟು ಹೊಸ್ತಿಲಾಚೆ ಬಿಸಿಲು ಕಾಯಿಸಿಕೊಳ್ಳುತ್ತ ಬಿದ್ದಿರುತ್ತಿತ್ತು. ಹೆಂಡತಿ ಎಣ್ಣೆ ಹಚ್ಚಿದಳು, ಬಿಸಿನೀರಿನ ಶಾಖ ಕೊಟ್ಟಳು. "ಅಕ್ಕ ಬರೋ ಹೊತ್ತಿಗೆ ಸರಿ ಹೋದ್ರೆ ಸಾಕಪ್ಪ" ಎಂದಳು.

ಗುರುವಾರ ಮೇಸ್ತ್ರಿಗೆ ವಾರದ ರಜೆ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಅವನು ಅಡುಗೆಮನೆಯಲ್ಲಿ ಕೂತು ಟೀ ಕುಡಿಯುತ್ತಿದ್ದಾಗ ಅತ್ತೆಯ ಕೋಣೆಯ ಬಾಗಿಲು ಮೆಲ್ಲಗೆ ತೆರೆಯಿತು. ಅತ್ತೆ ಹೊರಗೆ ಬಂದರು. ಮಂಡಿ ಚೆನ್ನಾಗಿಯೇ ಇತ್ತು. ಎರಡು ಹೆಜ್ಜೆ ಇಟ್ಟು, ಎಡಗೈಯನ್ನು ಸೊಂಟದೆತ್ತರಕ್ಕೆ ಚಾಚಿದರು. ಅಲ್ಲಿ ಏನೂ ಇರಲಿಲ್ಲ. ಕೈ ಗಾಳಿಯಲ್ಲಿ ಆಚೀಚೆ ಆಡಿತು. ಇನ್ನೊಂದು ಹೆಜ್ಜೆ ಇಡಲು ಹೋಗಿ ನಿಂತರು, ತಿರುಗಿದರು, ತಮ್ಮದೇ ಕೋಣೆಯ ಬಾಗಿಲು ಸಿಗದೆ ಬಿಳಿ ಗೋಡೆಯನ್ನು ತಡವಿದರು. ಕೊನೆಗೆ ಹೇಗೋ ಒಳಗೆ ಸೇರಿಕೊಂಡರು.

ಮೇಸ್ತ್ರಿ ತಟ್ಟನೆ ಎದ್ದ. ಟೀ ಅಲ್ಲೇ ಬಿಟ್ಟು ಹಿತ್ತಲ ಶೆಡ್ಡಿಗೆ ಹೋದ. ಶೋಕೇಸಿನ ಅಂಚನ್ನು ಬೆರಳಿನಿಂದ ಸವರಿದ. ಬೇರೆಲ್ಲ ಕಡೆ ಪಾಲಿಶ್ ಇತ್ತು, ಸೊಂಟದೆತ್ತರದ ಆ ಒಂದು ಅಂಚಿನಲ್ಲಿ ಮಾತ್ರ ಪಾಲಿಶ್ ಹೋಗಿ ಮರ ನುಣ್ಣಗಾಗಿತ್ತು. ಹೊಲಿಗೆ ಯಂತ್ರದ ಹಲಗೆಯ ಮೂಲೆಯೂ ಹಾಗೆಯೇ, ಟೀವಿ ಸ್ಟ್ಯಾಂಡಿನ ತುದಿಯೂ ಹಾಗೆಯೇ. ಕಪಾಟಿನ ಬಣ್ಣ ಒಂದು ಅಂಗೈಯಗಲ ಸವೆದು ಕಬ್ಬಿಣ ಮಿನುಗುತ್ತಿತ್ತು. ನಾಲ್ಕನ್ನೂ ಮೊದಲಿದ್ದ ಸಾಲಿನಲ್ಲೇ ಮನಸ್ಸಿನೊಳಗೆ ನಿಲ್ಲಿಸಿ ನೋಡಿದ. ಕೋಣೆಯಿಂದ ಬೀದಿ ಬಾಗಿಲವರೆಗೆ ಒಂದು ದಾರಿ! ಆ ದಾರಿಯನ್ನು ಅವನೇ ಕೈಯಾರೆ ಹೊತ್ತು ಹಿತ್ತಲಿಗೆ ಹಾಕಿದ್ದ.

ಅತ್ತೆಯ ಮಂಚದ ಪಕ್ಕ ಹೋಗಿ ನಿಂತ. "ಅತ್ತೆ, ಮಂಡಿ ಅಲ್ಲ ಅಲ್ವಾ?"

ಅತ್ತೆ ಎದ್ದು ಕೂತರು. "ನನಗೇ ಗೊತ್ತಿರ್ಲಿಲ್ಲ ಅಳಿಯಂದ್ರೇ. ಕಣ್ಣು ಅಷ್ಟೋ ಇಷ್ಟೋ ಕಾಣ್ತಿದೆ, ಅದಕ್ಕೇ ಓಡಾಡ್ತಿದೀನಿ ಅಂದ್ಕೊಂಡಿದ್ದೆ. ನೋಡಿದ್ರೆ ಎಲ್ಲ ಕೈಯೇ ಮಾಡ್ತಿತ್ತು. ಈಗ ಎಲ್ಲಾ ಬೆಳ್ಳಗೆ, ಎಲ್ಲಿ ಬಾಗಿಲು ಎಲ್ಲಿ ಗೋಡೆ ಒಂದೂ ತಿಳಿಯಲ್ಲ."

"ಇವತ್ತೇ ಎಲ್ಲ ವಾಪಸ್ ತಂದಿಡ್ತೀನಿ."

"ಬೇಡ. ಅವಳು ಎಷ್ಟು ಖುಷಿಯಾಗಿದಾಳೆ, ಪಾಪ. ಭಾನುವಾರ ದೊಡ್ಡವಳು ಬರ್ತಾಳೆ, ನೋಡ್ತಾಳೆ, ಕರ್ಕೊಂಡು ಹೋಗ್ತಾಳೆ. ಒಂಬತ್ತನೇ ಮಹಡಿ ಅಂದ್ರೆ ಗಾಳಿ ಚೆನ್ನಾಗಿರುತ್ತಂತೆ." ಹೇಳುತ್ತ ಹೇಳುತ್ತ ಅವರ ಕೈ ಮಂಚದ ಅಂಚನ್ನು ಸವರುತ್ತಲೇ ಇತ್ತು. ಮೇಸ್ತ್ರಿ ಸ್ವಂತ ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವನು. ಇಪ್ಪತ್ತು ವರ್ಷದಿಂದ ಬೆಳಗಿನ ಪೇಪರು ಅವನ ಕೈಗೆ ಕೊಡುತ್ತಿದ್ದವರು ಇವರೇ.

ಮಿಕ್ಕ ಹಲಗೆಗಳನ್ನು ಅಂಗಳದಲ್ಲಿ ಹರಡಿದ. ಮೂರು ಬೆರಳಗಲದ ಪಟ್ಟಿಗಳನ್ನು ಸೀಳಿ, ಅಂಚು ದುಂಡಗೆ ಮಾಡಿ, ಮಗುವಿನ ಕೆನ್ನೆ ತಾಗಿದರೂ ನೋಯದಷ್ಟು ನಯ ಮಾಡಿದ. ಅತ್ತೆಯನ್ನು ಗೋಡೆಗೆ ನಿಲ್ಲಿಸಿ ಕೈ ಎಲ್ಲಿಗೆ ಬರುತ್ತದೆಂದು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡ. ಅಂಗಡಿಗೆ ಹೋಗಿ, ಮೊಳೆಯ ಡಬ್ಬಿಯತ್ತ ತಿರುಗಿಯೂ ನೋಡದೆ, ಉದ್ದದ ಸ್ಕ್ರೂ ತಂದ. ಮೊಳೆ ಕೀಳುವುದಕ್ಕಾಯಿತು, ಸ್ಕ್ರೂ ಇರುವುದಕ್ಕೆ. ಸಂಜೆಯ ಹೊತ್ತಿಗೆ ಕೋಣೆಯಿಂದ ಬೀದಿ ಬಾಗಿಲವರೆಗೆ ಬಿಳಿ ಗೋಡೆಯ ಮೇಲೆ ಒಂದೇ ಬೆಣ್ಣೆ ಬಣ್ಣದ ಪಟ್ಟಿ ಹರಿದಿತ್ತು. ಉಳಿಯಿಂದ ಅದರ ಮೇಲ್ಮೈಗೆ ಗುರುತು ಕೊರೆದ. ಅಡುಗೆಮನೆಯ ಹತ್ತಿರ ಒಂದು ಗೀರು, ಬಚ್ಚಲಿನ ಹತ್ತಿರ ಎರಡು, ಬೀದಿ ಬಾಗಿಲಿಗೆ ಮೂರು. ಕೋಣೆಯ ಬಾಗಿಲಲ್ಲಿ, ಅಭ್ಯಾಸ ಬಲ, ಒಂದು ಸಣ್ಣ ಚಿತ್ರ.

ಅತ್ತೆಯ ಬೆರಳುಗಳು ಆ ಚಿತ್ರದ ಮೇಲೆ ನಿಂತವು. "ಇದೇನಿದು, ಲೋಟಾನಾ?"

"ಪೆಟ್ಟಿಗೆ ಮೇಲೆ ಹಾಕ್ತೀವತ್ತೆ. ಜೋಪಾನ ಅಂತ."

"ನಾನೇನು ಗಾಜಾ? ಅಳಿಸಿ ಮೊದಲು!" ಎಷ್ಟೋ ದಿನದ ಮೇಲೆ ಅತ್ತೆಯ ದನಿ ಏರಿತ್ತು. "ಬೇರೆ ಯಾವ ಗುರುತು ಇದೆ ನಿಮ್ಮ ಹತ್ರ?"

ಅವನು ಒಂದೊಂದಾಗಿ ಹೇಳಿದ, ಅವರು ಒಂದನ್ನು ಆರಿಸಿದರು. ಅಷ್ಟರಲ್ಲಿ ಹೆಂಡತಿ ಬಂದಳು.

"ಇದೇನ್ರೀ ಇದು? ಚಿತ್ರದಲ್ಲಿ ಇರ್ಲಿಲ್ವಲ್ಲ?"

"ಇತ್ತು. ಹಿಂದಿನ ಪುಟದಲ್ಲಿ."

ಸುಳ್ಳು ಹೇಳಿದರೆ ಮೇಸ್ತ್ರಿಯ ಕಿವಿ ಕೆಂಪಾಗುತ್ತದೆ. ಹೆಂಡತಿ ಕಿವಿ ನೋಡಿದಳು, ಪಟ್ಟಿ ನೋಡಿದಳು. ಅದರ ಮೇಲೆ ಕೈಯಿಟ್ಟು ಬೀದಿ ಬಾಗಿಲಿಂದ ನಡೆಯುತ್ತ ಬಂದಳು. ಮೂರು ಗೀರು ಸಿಕ್ಕಿತು, ಎರಡು ಸಿಕ್ಕಿತು. ಒಂದು ಗೀರಿನ ಹತ್ತಿರ ಬಂದಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಅಮ್ಮನ ಕೋಣೆಯ ಬಾಗಿಲಿಗೆ ಬಂದು ನಿಂತು ಬಹಳ ಹೊತ್ತು ಈ ಕಡೆ ತಿರುಗಲೇ ಇಲ್ಲ. ಆಮೇಲೆ ಮೂಗೊರೆಸಿಕೊಂಡು, "ಇಲ್ಲೊಂದು ಸಿಬಿರು ಉಳಿದಿದೆ, ಉಜ್ಜೋ ಕಾಗದ ಕೊಡಿ" ಎಂದಳು. ಮರುದಿನ ಅವಳೇ ಕೂತು ನಾಲ್ಕು ಬಾಗಿಲ ಚೌಕಟ್ಟಿಗೂ ಕಡುಬೂದು ಬಣ್ಣ ಬಳಿದಳು, ಬಿಳಿಯ ನಡುವೆ ಬಾಗಿಲೆಲ್ಲಿದೆಯೆಂದು ನೆರಳಿನ ಹಾಗಾದರೂ ತಿಳಿಯಲೆಂದು.

ಭಾನುವಾರ ಬೆಳಗ್ಗೆ ಆರಕ್ಕೆ ಮುಂಚೆಯೇ ಅಕ್ಕ ಬಂದಿಳಿದಳು. ಸೂಟ್‌ಕೇಸು ಇಡುವ ಮೊದಲೇ ಹಜಾರವನ್ನೆಲ್ಲ ಕಣ್ಣಲ್ಲಿ ಅಳೆದಳು. "ಪರವಾಗಿಲ್ವೇ, ಪತ್ರಿಕೇಲಿ ಬರೋ ಮನೆ ಹಾಗಿದೆ! ಗೋಡೆಗೆ ಇದೇನು ಪಟ್ಟಿ?"

"ಅದೇ ಅಕ್ಕ ಈ ಶೈಲಿಯ ಮುಖ್ಯ ಅಂಶ" ಎಂದಳು ತಂಗಿ ಕಣ್ಣು ಮಿಟುಕಿಸದೆ. ಅವಳ ಕಿವಿ ಎಂದೂ ಕೆಂಪಾಗುವುದಿಲ್ಲ.

ಗಡಿಯಾರ ಆರು ತೋರಿಸಿತು. ಅತ್ತೆಯ ಬಾಗಿಲು ತೆರೆಯಿತು. ಅತ್ತೆ ಪಟ್ಟಿಯ ಮೇಲೆ ಎಡಗೈ ಇಟ್ಟು ಹೊರಟರು. ಅವಸರವಿಲ್ಲ, ತಡಕಾಟವಿಲ್ಲ. ಹಳೆಯ ಎಕ್ಸ್‌ಚೇಂಜಿನ ಬೆರಳುಗಳು ಗೀರುಗಳನ್ನು ಮುಟ್ಟಿ ಮುಟ್ಟಿ ದಾಟಿದವು. ಬಾಗಿಲು ತೆಗೆದು, ಹಾಲು ಪೇಪರು ಎತ್ತಿಕೊಂಡು, ಅದೇ ದಾರಿಯಲ್ಲಿ ಮರಳಿ ಬಂದು ಪೇಪರನ್ನು ಅಳಿಯನ ಕೈಗೆ ಕೊಟ್ಟರು. "ದೊಡ್ಡವಳು ಬಂದ್ಲಾ? ಸೆಂಟಿನ ವಾಸನೆ ಬರ್ತಿದೆ" ಎಂದರು.

ಅಕ್ಕನೇನು ದಡ್ಡಿಯಲ್ಲ. ತಾಯಿಯ ಹಿಂದೆಯೇ ಪಟ್ಟಿ ಸವರುತ್ತ ಕೋಣೆಯ ಬಾಗಿಲವರೆಗೆ ಹೋದಳು. ಅಲ್ಲಿ ಲೋಟ ಕೆತ್ತಿ ತೆಗೆದ ತಗ್ಗಿನಲ್ಲಿ ಹೊಸದೊಂದು ಬಾಣ ಮೇಲ್ಮುಖವಾಗಿ ನಿಂತಿತ್ತು.

"ಅಮ್ಮ, ಇದು ಏನು ಗುರುತು?"

"ಮಲಗಿಸಬೇಡಿ ಅಂತ. ನೆಟ್ಟಗೆ ನಿಲ್ಲಿಸಿ ಅಂತ."

ಅಕ್ಕನ ಬೆರಳು ಬಾಣದ ಮೇಲೆಯೇ ಇತ್ತು. ತಾಯಿಗೆ ಕಾಣದೆಂದು ಗೊತ್ತಿದ್ದೂ ಮುಖ ಆ ಕಡೆ ತಿರುಗಿಸಿಕೊಂಡಳು. ಸಂಜೆ ಹೊರಡುವಾಗ ಅಮ್ಮನನ್ನು ಕರೆದುಕೊಂಡು ಹೋಗುವ ಮಾತು ಎತ್ತಲಿಲ್ಲ. "ನಮ್ಮನೆಗೂ ಇಂಥ ಪಟ್ಟಿ ಹಾಕಿಕೊಡಿ. ಅಮ್ಮ ನಾಲ್ಕು ದಿನ ಇರೋಕೆ ಬರಲಿ, ಅವಳಾಗಿ ಅವಳು ಓಡಾಡಿಕೊಂಡಿರಲಿ" ಎಂದು ಮೇಸ್ತ್ರಿಗೆ ಹೇಳಿ ಆಟೋ ಹತ್ತಿದಳು.

ಈಗ ವರ್ಷವಾಯಿತು. ಪಟ್ಟಿಯ ಬೆಣ್ಣೆ ಬಣ್ಣ ಕೈ ತಾಗಿ ತಾಗಿ ಕಂದಿದೆ. ಚಿತ್ರದ ಹಾಗಿಲ್ಲ, ಉಜ್ಜಿ ಬಣ್ಣ ಹೊಡೆಯೋಣವೆಂದು ಹೆಂಡತಿ ಎರಡು ಸಲ ಹೇಳಿದಳು. ಯಾವುದಕ್ಕೂ ಇಲ್ಲವೆನ್ನದ ಮೇಸ್ತ್ರಿ ಇದಕ್ಕೆ ಮಾತ್ರ ಸುತರಾಂ ಒಪ್ಪಲಿಲ್ಲ. ಕಾರ್ಖಾನೆಯಿಂದ ಬಂದವನು ಚಪ್ಪಲಿ ಬಿಟ್ಟು, ಕಾಣುವ ಕಣ್ಣಿದ್ದೂ ಅದರ ಮೇಲೆ ಕೈಯಿಟ್ಟುಕೊಂಡೇ ಒಳಗೆ ಹೋಗುತ್ತಾನೆ. ಇಪ್ಪತ್ತೆಂಟು ವರ್ಷದಲ್ಲಿ ಅವನು ಮಾಡಿದ್ದು ಯಾವುದೂ ಹಳೆಯದಾಗುವಷ್ಟು ದಿನ ಉಳಿದಿರಲಿಲ್ಲ. ಇದು ಹಳೆಯದಾಗುತ್ತಿದೆ.