ಎರಡನೆಯ ತೊಟ್ಟಿ

ಅಪ್ಪನ ತುಟಿಗೆ ಏಳು ಹೊಲಿಗೆ ಬಿದ್ದದ್ದು ನನ್ನ ಕೈಯಿಂದ. ಬಲಗೈ ಮುರಿದದ್ದು ಬೇರೆಯವರಿಂದ. ಊರಿನವರು ಎರಡನ್ನೂ ಸೇರಿಸಿಯೇ ಹೇಳುತ್ತಾರೆ, ನನಗೆ ಹಾಗೆ ಹೇಳಲಾಗುವುದಿಲ್ಲ.

ರಾಣೆಬೆನ್ನೂರಿನ ಹೊರಗೆ ಹಳ್ಳದ ದಂಡೆಯಲ್ಲಿ ನಮ್ಮದು ನೂಲಿಗೆ ಬಣ್ಣ ಹಾಕುವ ಶೆಡ್ಡು. ಉಳಿದ ಬಣ್ಣದ ನೀರು ಹಳ್ಳಕ್ಕೇ ಹೋಗುತ್ತಿತ್ತು. ಕೆಳಗಿನ ಊರಿನ ಒಬ್ಬ ರೈತ ಆ ಹಳ್ಳದಲ್ಲಿ ಚೀಲ ತೊಳೆದು ಒಣಗಿಸಿ, ಮೆಣಸಿನಕಾಯಿ ತುಂಬಿ ಬ್ಯಾಡಗಿಗೆ ಒಯ್ದ. ಚೀಲಗಳ ಒಳಮೈ ಕೆಂಪಾಗಿತ್ತು. ಮಾರುಕಟ್ಟೆಯಲ್ಲಿ ನಾಲ್ಕು ಜನರ ಮುಂದೆ ಯಾರೋ "ಕಾಯಿಗೆ ಬಣ್ಣ ಹಚ್ಚ್ಯಾನ" ಎಂದುಬಿಟ್ಟರು. ಮೆಣಸಿನಕಾಯಿ ಬೆಳೆಯುವವನಿಗೆ ಬ್ಯಾಡಗಿಯಲ್ಲಿ ಅದಕ್ಕಿಂತ ಹೊಲಸು ಬೈಗುಳವಿಲ್ಲ. ಅವನು ಅಲ್ಲಿಂದ ನೆಟ್ಟಗೆ ನಮ್ಮ ಶೆಡ್ಡಿಗೆ ಬಂದು ಅಪ್ಪನ ಕೊರಳಪಟ್ಟಿ ಹಿಡಿದು ಗೋಡೆಗೆ ಬಡಿದ.

"ಕಾರಹುಣ್ಣಿವಿ ಒಳಗ ನೀರು ತಿಳಿ ಆಗಬೇಕು. ಇಲ್ಲಂದ್ರ ಇದನ್ನ ಕೆಡವಿ ಹಾಕ್ತೀವಿ" ಎಂದು ಹೇಳಿ ಹೋದ.

ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುವವಳು. ವರ್ಷಗಟ್ಟಲೆ ಬಣ್ಣ ಕುಡಿದ ನಮ್ಮ ಗಟಾರದ ರಾಡಿಯಲ್ಲಿ ಆ ಬಣ್ಣವನ್ನೇ ಮುರಿಯುವ ಬ್ಯಾಕ್ಟೀರಿಯಾ ಇರಲೇಬೇಕೆಂದು ಒಂದು ಹಿಡಿ ತಂದು ಸೀಸೆಯಲ್ಲಿ ಬೆಳೆಸಿದೆ. ಬೆಲ್ಲದ ನೀರು ಹಾಕಿ ಮುಚ್ಚಿಟ್ಟರೆ ಎರಡೇ ದಿನದಲ್ಲಿ ಕೆಂಪು ಮಾಯ. ಅಪ್ಪ ಖುಷಿಯಿಂದ ಮುಚ್ಚಳದ ತೊಟ್ಟಿ ಕಟ್ಟಿಸಿದ. ಆದರೆ ಅದು ಅರ್ಧ ಕೆಲಸ. ಬಣ್ಣ ಮುರಿದು ಚೂರಾಗುತ್ತದೆ. ಆ ಚೂರುಗಳಿಗೆ ಬಣ್ಣವಿಲ್ಲದಿದ್ದರೂ ವಿಷವಿರುತ್ತದೆ. ಗಾಳಿ ಊದುವ ಎರಡನೆಯ ತೊಟ್ಟಿಯಲ್ಲಿ ಬೇರೆ ಬ್ಯಾಕ್ಟೀರಿಯಾ ಅವನ್ನು ತಿಂದ ಮೇಲೆಯೇ ನೀರು ಹೊರಗೆ ಬಿಡಬೇಕು.

"ಬಣ್ಣ ಹೋತಲ್ಲ, ಇನ್ನೇನ ಬೇಕ ನಿನಗ?" ಎಂದ ಅಪ್ಪ.

"ಬೆಳ್ಳಗಿರೋದೆಲ್ಲ ಹಾಲಲ್ಲಪ್ಪಾ. ಎರಡನೇ ತೊಟ್ಟಿ ಕಟ್ಟೋತನಕ ಹಳ್ಳಕ್ಕ ಬಿಡಬ್ಯಾಡ."

"ಬಿಡೂದಿಲ್ಲ, ಹೋಗು" ಎಂದ. ನಾನು ನಂಬಿದೆ. ನನ್ನ ಹಣೆಬರಹಕ್ಕಿಷ್ಟು ಬೆಂಕಿ ಹಾಕ.

ಕಾರಹುಣ್ಣಿಮೆಯ ಮುಂಜಾನೆ ಆ ರೈತ ಹತ್ತು ಹನ್ನೆರಡು ಜನರೊಂದಿಗೆ ಬಂದ. ಕೈಯಲ್ಲಿ ಬಡಿಗೆ, ಹಾರೆ. ಹಳ್ಳಕ್ಕೆ ಬೀಳುವ ಪೈಪಿನಿಂದ ನೀರು ಧೋ ಎಂದು ಹರಿಯುತ್ತಿತ್ತು. ಎರಡನೆಯ ತೊಟ್ಟಿಯನ್ನು ಇನ್ನೂ ಕಟ್ಟಿಸಿರಲೇ ಇಲ್ಲ. ಅಪ್ಪ ನಗುತ್ತ ಆ ನೀರನ್ನೇ ಎರಡು ಗಾಜಿನ ಲೋಟಕ್ಕೆ ತುಂಬಿ ಒಂದನ್ನು ರೈತನಿಗೆ ಕೊಟ್ಟ. ಅವನು ಬಿಸಿಲಿಗೆ ಹಿಡಿದು ನೋಡಿದ. ಬಿಗಿದ ಮುಖ ಸಡಿಲಾಯಿತು.

"ಮಾಲಕರ, ನೀವು ಕುಡದ್ರ ನಾನೂ ಕುಡೀತೀನಿ. ಜಗಳ ಇಲ್ಲಿಗೆ ಮುಗೀತು."

ಅಪ್ಪ ನನ್ನ ಕಡೆ ನೋಡದೆ ಲೋಟ ತುಟಿಗಿಟ್ಟ. ಅವನಿಗೆ ಎಲ್ಲ ಗೊತ್ತಿತ್ತು. ನಾನು ಕೈ ಬೀಸಿ ಹೊಡೆದೆ. ಲೋಟ ಹಲ್ಲಿಗೆ ಬಡಿದು ಒಡೆಯಿತು, ಗಾಜು ತುಟಿ ಸೀಳಿತು, ರಕ್ತ ಗದ್ದದಿಂದ ಅಂಗಿಯ ಮೇಲಿಳಿಯಿತು. ರೈತನ ಕೈಯಿಂದಲೂ ಲೋಟ ಕಸಿದು ಬಿಸಾಡಿದೆ.

"ಕುಡೀಬ್ಯಾಡ್ರಿ. ಇದರಾಗ ವಿಷ ಐತಿ."

ಹಿಂದಿನಿಂದ ಒಬ್ಬ, "ನಮ್ಮ ಎಮ್ಮಿ ದಿನಾ ಇದನ್ನ ಕುಡ್ಯಾಕತ್ತಾವಲ್ಲ" ಎಂದ. ಆಮೇಲೆ ಹಾರೆಗಳು ಎದ್ದವು. ಬಣ್ಣ ಕುದಿಸುವ ಹಂಡೆಗಳನ್ನು ತೂತು ಮಾಡಿದರು, ತೊಟ್ಟಿಯ ಗೋಡೆ ಒಡೆದರು. ಅಡ್ಡ ಹೋದ ಅಪ್ಪನ ಬಲಗೈ ಮೇಲೆ ಬಡಿಗೆ ಬಿತ್ತು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಒಬ್ಬ ನನ್ನ ಜಡೆ ಹಿಡಿದು ಎಳೆದ. ಅವನ ಮುಂಗೈಯನ್ನು ಚರ್ಮ ಕಿತ್ತುಬರುವಂತೆ ಕಚ್ಚಿದೆ. ರೈತ ಮಾತ್ರ ಯಾರಿಗೂ ಹೊಡೆಯಲಿಲ್ಲ, ಒದ್ದೆ ಕೈಯನ್ನು ಧೋತರಕ್ಕೆ ಒರೆಸುತ್ತಲೇ ನಿಂತಿದ್ದ.

ಹಾವೇರಿಯ ಆಸ್ಪತ್ರೆಯಲ್ಲಿ ಮೂರನೆಯ ದಿನ ಅಪ್ಪ ಹೊಲಿದ ತುಟಿಯಲ್ಲೇ ಕೇಳಿದ. "ಒಂದ ಗುಟುಕಿಗೆ ಸಾಯ್ತಿದ್ನೇನ?"

"ಇಲ್ಲ."

"ಮತ್ತ ಯಾಕ ಹೊಡದಿ?"

"ನೀ ಕುಡದಿದ್ರ ಅವ್ರೂ ಕುಡೀತಿದ್ರು. ಮರುದಿನದಿಂದ ಅವ್ರ ಮನಿ ಕೂಸೂ ಕುಡೀತಿತ್ತು."

ಅಪ್ಪ ಗೋಡೆಯ ಕಡೆ ಹೊರಳಿದ. ಮುಖ ತಿರುಗಿಸದೆಯೇ, "ಆ ಎಮ್ಮಿ ಹೆಂಗದಾವ, ಹೋಗಿ ಕೇಳಿ ಬಾ" ಎಂದ.