ಗ್ಲಫೀರಾ ಹೂ ಕೊಟ್ಟದ್ದು ಯಾರಿಗೆ

ಮಾಸ್ಕೋದ ನೆಲದಾಳದ ಮೆಟ್ರೊ ನಿಲ್ದಾಣವೊಂದರಲ್ಲಿ ಗ್ಲಫೀರಾ ಕಂಬ ಒರೆಸುವ ಕೆಲಸಕ್ಕಿದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವಳ ಅಮೃತಶಿಲೆಗೆ ಬೆನ್ನು ಆನಿಸಿ ನಿಂತವನು ಜನರಲ್ ಆಗಲಿ, ಜವಾನನಾಗಲಿ, ಬೈಸಿಕೊಳ್ಳದೆ ರೈಲು ಹತ್ತಿದ್ದಿಲ್ಲ.

ನಿಲ್ದಾಣ ಕಟ್ಟುವ ಕಾಲಕ್ಕೆ ಅವಳು ಅಲ್ಲೇ ಗಾರೆ ಕಲಸುತ್ತಿದ್ದಳು. ಬಣ್ಣದ ಗಾಜಿನ ಚೂರುಗಳಿಂದ ಚಾವಣಿಗೆ ಚಿತ್ರ ಕೂರಿಸುತ್ತಿದ್ದ ಕಲಾವಿದ ಇನ್ನೊಕೆಂತಿ ಲ್ವೊವಿಚ್‌ಗೆ ರೈತ ಹೆಣ್ಣೊಬ್ಬಳ ಮುಖ ಬೇಕಿತ್ತು. ಇವಳ ದುಂಡು ಕೆನ್ನೆ ಕಂಡು, ನೆಲ ತೊಳೆಯುವ ಬ್ರಷ್ಷನ್ನೇ ಕೈಗಿತ್ತು ನಿಲ್ಲಿಸಿದ. ಚಿತ್ರದಲ್ಲಿ ಬ್ರಷ್ಷು ಹೂಗುಚ್ಛವಾಯಿತು. ಅದನ್ನು ಪಡೆಯಲು ಎದೆ ತುಂಬ ಪದಕ ತೊಟ್ಟ ದೊಡ್ಡ ಅಧಿಕಾರಿಯೊಬ್ಬ ಎದುರಿಗೆ ಬಂದು ನಿಂತ. ಸುತ್ತ ಚಿನ್ನದ ರೇಕಿನ ಗೋಧಿತೆನೆ, ಗಾರೆಯ ದ್ರಾಕ್ಷಿಗೊಂಚಲು.

ಗ್ಲಫೀರಾ ಹಿಗ್ಗಿದಳು. ಅದೇ ನಿಲ್ದಾಣದ ಚಲಿಸುವ ಮೆಟ್ಟಿಲುಗಳ ಮೇಸ್ತ್ರಿಯಾಗಿದ್ದ ಗಂಡ ತೆರೇಂತಿ ಹಿಗ್ಗಲಿಲ್ಲ. ಎಲೆಕೋಸಿನ ಸಾರು ಕಲಕುತ್ತಾ, ತನಗೆ ಒಂದು ದಿನವಾದರೂ ಹೂ ಕೊಟ್ಟಿದ್ದಾಳೆಯೇ ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದ.

ಎರಡು ವರ್ಷಕ್ಕೆ ಆ ಅಧಿಕಾರಿ ಪತ್ರಿಕೆಗಳಿಂದ ಮಾಯವಾದ. ಚಾವಣಿಯಿಂದಲೂ ಅವನನ್ನು ಕಿತ್ತು, ಅದೇ ಬೂಟುಗಳ ಮೇಲೆ ಇನ್ನೊಬ್ಬನನ್ನು ನಿಲ್ಲಿಸಿದರು. ಗ್ಲಫೀರಾಳನ್ನು ಕಚೇರಿಗೆ ಕರೆಸಿ, ಅಂಥ ದ್ರೋಹಿಗೆ ಹೂ ಕೊಟ್ಟದ್ದೇಕೆಂದು ವಿಚಾರಿಸಿದರು.

"ಕಾಮ್ರೇಡ್, ನಾನು ಹಿಡ್ಕೊಂಡಿದ್ದು ಬ್ರಷ್ಷು. ಅದು ಹೂವಾಗಿದ್ದು ಮೇಲೆ ಹೋದ್ಮೇಲೆ. ಮೇಲಿನೋರನ್ನೇ ಕೇಳಿ."

ಬರೆದುಕೊಳ್ಳುತ್ತಿದ್ದವನು 'ಮೇಲಿನವರು' ಎಂಬಲ್ಲಿಗೆ ಬಂದು ಬೆವತ. ಹಾಳೆ ಹರಿದು, ಅವಳನ್ನು ಬಾಗಿಲ ತನಕ ತಾನೇ ಬಿಟ್ಟುಬಂದ.

ಮತ್ತೆ ನಾಲ್ಕು ವರ್ಷಕ್ಕೆ ಎರಡನೆಯವನೂ ಹೋದ. ಇನ್ನೊಕೆಂತಿ ಅಟ್ಟಣಿಗೆಯ ಕೆಳಗೆ ತಲೆ ಹಿಡಿದು ಕೂತ. ಮೂರನೆಯವನು ಎಷ್ಟು ದಿನ ಬಾಳುತ್ತಾನೋ, ಕತ್ತೆತ್ತಿ ಗಾಜು ಕೂರಿಸಿ ಕೂರಿಸಿ ತನ್ನ ಕುತ್ತಿಗೆಯೇ ಸೋತಿದೆ ಎಂದು ಗೋಳಾಡಿದ.

"ಮೇಕೆ ಹಾಕಪ್ಪ," ಎಂದಳು ಗ್ಲಫೀರಾ, ಕಂಬ ಒರೆಸುತ್ತಲೇ. "ಇವತ್ತಿನ ತನಕ ಯಾವ ಮೇಕೇನೂ ಹುದ್ದೆಯಿಂದ ಇಳಿಸಿಲ್ಲ."

ಅವನು ಮೊದಲು ನಕ್ಕ. ವಾರ ಯೋಚಿಸಿ, ಹಾಕಿಯೇ ಬಿಟ್ಟ. ನಕ್ಷೆಗೆ 'ಸಾಮೂಹಿಕ ಪಶುಪಾಲನೆಯ ಮುನ್ನಡೆ' ಎಂದು ಹೆಸರಿಟ್ಟಿದ್ದರಿಂದ ಬೇಡವೆನ್ನುವ ಧೈರ್ಯ ಒಪ್ಪಿಗೆ ಕೊಡುವ ಸಮಿತಿಯಲ್ಲಿ ಯಾರಿಗೂ ಬರಲಿಲ್ಲ. ಬಿಳಿ ಗಡ್ಡ, ಚಿನ್ನದ ಕೊಂಬು, ಹೂವಿನತ್ತ ಚಾಚಿದ ಮೂತಿ.

ಹೊಸ ಚಿತ್ರದ ಪರದೆ ಸರಿಸಿದ ಬೆಳಿಗ್ಗೆ ತೆರೇಂತಿ ಟೋಪಿ ತೆಗೆದು ಬಹಳ ಹೊತ್ತು ನೋಡಿದ.

"ಇವನಾದ್ರೆ ಪರವಾಗಿಲ್ಲ ಕಣೇ. ಮುಖದಲ್ಲಿ ಮರ್ಯಾದೆ ಇದೆ."

"ನಿಮ್ಮಪ್ಪನ ಥರಾನೇ ಇದ್ದಾನೆ."

ತೆರೇಂತಿ ಇನ್ನೊಮ್ಮೆ ನೋಡಿ ಒಪ್ಪಿಕೊಂಡ. ಅಂದಿನಿಂದ ಊಟದ ಹೊತ್ತಿನ ತಕರಾರು ನಿಂತಿತು.

ಅಲ್ಲಿಂದ ಹದಿನೇಳು ವರ್ಷ ದುಡಿದು, ತೂಗುದೀಪಗಳ ಮೇಲ್ವಿಚಾರಕಿಯಾಗಿ ಗ್ಲಫೀರಾ ನಿವೃತ್ತಳಾದಳು. ನಿಲ್ದಾಣದ ಮುಖ್ಯಸ್ಥ ನೀಲಿ ಕೆಟಲ್ ಕೈಗಿತ್ತು ಭಾಷಣ ಶುರುಮಾಡಿದ. ಮಾತಿನ ನಡುವೆ ಮೂರು ರೈಲು ಬಂದುಹೋದವು. ನಾಲ್ಕನೆಯದನ್ನು ಅವಳು ಗಂಡನ ಕೈ ಹಿಡಿದು ಹತ್ತಿಬಿಟ್ಟಳು.