ಸಂಘಮಿತ್ರಾ ಹಾಕಿದ ಸುಳ್ಳು ವಯಸ್ಸು

ನುಗ್ಗೇಹಳ್ಳಿಯ ಆಶಾ ಕಾರ್ಯಕರ್ತೆ ಸಂಘಮಿತ್ರಾಗೆ ನಲವತ್ತೆರಡು ವರ್ಷ. ಹದಿನಾರು ವರ್ಷದಿಂದ ಬಾಣಂತಿಯರನ್ನು, ಸಕ್ಕರೆ ಕಾಯಿಲೆಯವರನ್ನು ವಿಚಾರಿಸುತ್ತ ಮನೆಮನೆ ಸುತ್ತಿದವಳು. ಈ ವರ್ಷ ಅವಳ ಕೈಗೆ ಒಂದು ಪುಟ್ಟ ಯಂತ್ರ ಬಂತು. ಅದರ ಮೇಲೆ ಬೆರಳಿಟ್ಟರೆ ಎದೆಬಡಿತದ ಗೆರೆ ಮೊಬೈಲಿನಲ್ಲಿ ಮೂಡುತ್ತದೆ. ಕೃತಕ ಬುದ್ಧಿಮತ್ತೆ ಅದನ್ನು ಓದಿ, ಹೃದಯಕ್ಕೆ ಅಪಾಯವಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು ತೋರಿಸುತ್ತದೆ.

ಜನ ಹೆದರಿದರು. "ಕರೆಂಟ್ ಒಡೀತದೆ ಕಣವ್ವಾ" ಎಂದು ತೆಂಗಿನಕಾಯಿ ಸುಲಿಯುವ ಲಕ್ಕಯ್ಯ ಕೈ ಹಿಂದಕ್ಕೆಳೆದುಕೊಂಡ. ಹೀಗಾಗಿ ಪ್ರತಿ ಊರಲ್ಲೂ ಮೊದಲು ಅವಳೇ ಬೆರಳಿಟ್ಟು ತೋರಿಸುತ್ತಿದ್ದಳು. ಜನರ ದಾಖಲೆಯಲ್ಲಿ ತನ್ನದು ಬೆರೆಯಬಾರದೆಂದು, ತೀರಿಹೋದ ಅತ್ತೆಯ ಹೆಸರು ತುಂಬುತ್ತಿದ್ದಳು: ಮಾಯಮ್ಮ, ಅರವತ್ತೈದು.

ಪ್ರತಿ ಸಲವೂ ಕೆಂಪು.

"ನಮ್ಮತ್ತೆ ಓಗಿ ಆರು ವರ್ಸ ಆಯ್ತು, ಈಗ ಅಪಾಯವಂತೆ!" ಎಂದು ನಗಿಸುತ್ತಿದ್ದಳು.

"ಸತ್ರೂವೆ ಬುಡಲಿಲ್ವಲ್ಲಾ ನಿನ್ನ!" ಎಂದ ಲಕ್ಕಯ್ಯ.

"ವಯಸ್ಸಾದೋರಿಗೆ ಇಂಗೇಯ ತೋರ್ಸದು, ಎದ್ರುಕೋಬ್ಯಾಡಿ" ಎಂದು ಸಂಘಮಿತ್ರಾ ಎಲ್ಲರಿಗೂ ಹೇಳುತ್ತಿದ್ದಳು.

ಕಾಲೇಜಿನಲ್ಲಿ ಮೂವತ್ತು ವರ್ಷ ಶರೀರಶಾಸ್ತ್ರ ಕಲಿಸಿದ ನಾನೂ ಶಾಲೆಯ ಜಗಲಿಯಲ್ಲಿ ಕೂತು ನಕ್ಕೆ. ಆಮೇಲೆ, ಹೆಸರು ಅತ್ತೆಯದಾದರೂ ಎದೆಬಡಿತ ನಿನ್ನದೇ ಅಲ್ಲವೇ, ನಿನ್ನ ನಿಜವಾದ ವಯಸ್ಸು ಹಾಕು ಎಂದೆ.

"ಬುಡಿ ಮೇಡಂ, ನಂಗೇನಾದಾತು? ದಿನಾ ಎಂಟು ಕಿಲೋಮೀಟ್ರು ನಡೀತೀನಿ."

"ಹಾಕು."

ಹಾಕಿದಳು. ಕೆಂಪು. ಬೆರಳು ಒರೆಸಿ ಮತ್ತೊಮ್ಮೆ ಇಟ್ಟಳು. ಕೆಂಪು. ಯಾರೂ ನಗಲಿಲ್ಲ.

ಅವತ್ತೇ ಹಾಸನಕ್ಕೆ ಕರೆದೊಯ್ದೆ. ಪರೀಕ್ಷೆ ಮುಗಿಸಿದ ವೈದ್ಯರು, ಇವರಿಗೆ ಒಮ್ಮೆ ಹೃದಯಾಘಾತ ಆಗಿಹೋಗಿದೆ, ಕೆಲವು ತಿಂಗಳಾಗಿರಬಹುದು ಎಂದರು.

"ಒಂದಿನ ದವಡೆ ನೋಯ್ತಿತ್ತು, ಬೆವರು ಕಿತ್ಕಂಡು ಬಂತು" ಎಂದಳು ಸಂಘಮಿತ್ರಾ. "ಗ್ಯಾಸ್ಟ್ರಿಕ್ಕು ಅಂತ ಸೋಡಾ ಕುಡ್ದು, ಇನ್ನೂ ಹನ್ನೊಂದು ಮನೆ ನೋಡ್ದೆ."

ರಕ್ತನಾಳದ ಅಡಚಣೆ ತೆಗೆಯಲು ಮರುದಿನ ಬೆಳಿಗ್ಗೆ ಒಳಗೆ ಒಯ್ಯುವಾಗ ಅವಳು ತಟ್ಟನೆ ಎದ್ದು ಕೂತಳು.

"ಮೇಡಂ, ಕೆಂಪು ಬಂದ ಮುದುಕರಿಗೆಲ್ಲ ಆಸ್ಪತ್ರೆ ಚೀಟಿ ಕೊಟ್ಟಿವ್ನಿ. ಆದ್ರೆ ವಯಸ್ಸಿಂದು, ಏನೂ ಇಲ್ಲ ಅಂದ್ಬುಟ್ಟಿವ್ನಿ. ಯಾರೂ ಓಗಿರಕಿಲ್ಲ!"

ನರ್ಸ್ ಗದರಿದರೂ ಮಲಗದೆ ಒಂಬತ್ತು ಹೆಸರು ಹೇಳಿದಳು. ಬರೆದುಕೊಂಡೆ. ಊರಿಗೆ ಬಂದು ವಿಚಾರಿಸಿದರೆ, ಒಬ್ಬರೂ ಹೋಗಿರಲಿಲ್ಲ.

ಅವಳಿಗೆ ಎರಡು ಸ್ಟೆಂಟ್ ಹಾಕಿದರು, ಉಳಿದಳು. ಒಂಬತ್ತರಲ್ಲಿ ಏಳು ಜನರನ್ನು ಹಾಸನಕ್ಕೆ ಹೊರಡಿಸಿದ್ದೇನೆ. ಇನ್ನಿಬ್ಬರು ಜಪ್ಪಯ್ಯ ಎಂದರೂ ಬರುತ್ತಿಲ್ಲ. ಸಂಘಮಿತ್ರಕ್ಕನೇ ಏನೂ ಇಲ್ಲ ಎಂದಿದ್ದಾಳಂತೆ.